ಬೊಗಸೆ ತೊಗರಿಯ ವಂದನಾರ್ಪಣೆ

ಸರ್ಕಾರ ಪೇಟೆ ಕಾಯ್ದೆ ಮಾಡುವ ಹಿಂದಿನ ವರ್ಷ, ಮಾಘ ಶುದ್ಧ ದಶಮಿಯ ಸಂಜೆ, ಕಲಬುರಗಿಯಲ್ಲಿ ನಮ್ಮ ಸಂಘದ ವಾರ್ಷಿಕ ಪರಿಷತ್ತಿನ ಕೊನೆಯ ಕಲಾಪವಾಗಿ, ನನಗೆ ಕನ್ನಡ ಕಲಿಸಿದ ಮಾಸ್ತರರು ವಂದನಾರ್ಪಣೆ ಮಾಡಿದರು. ಗಾಳಿ ತಣ್ಣಗಿತ್ತು. ವೇದಿಕೆಯ ಮೇಲಿದ್ದವರೆಲ್ಲ ಉಣ್ಣೆಯ ಶಾಲು ಹೊದ್ದು ಕೈಗಳನ್ನು ಒಳಗಿಟ್ಟುಕೊಂಡು ಕುಳಿತಿದ್ದರು. ಮಾಸ್ತರರ ಮೈಮೇಲೆ ಹತ್ತಿಯ ಶಲ್ಯವಿತ್ತು; ಎರಡೂ ಕೈಗಳು ಎಂದಿನಂತೆ ಅದರ ಹೊರಗಿದ್ದವು. ಉದ್ದನೆಯ ಬೆರಳುಗಳು, ಉಗುರಿನ ಸುತ್ತ ಸೀಮೆಸುಣ್ಣದ ಬಿಳಿ, ಚಳಿಗೆ ಒಡೆದು ಬೂದಿ ಬಣ್ಣಕ್ಕೆ ತಿರುಗಿದ ಮುಂಗೈ. ಆ ಕೈಗಳನ್ನು ಮೇಜಿನ ಮೇಲೆ ಅಂಗೈ ಕಾಣುವಂತೆ ಇಟ್ಟು ಅವರು ಮಾತು ಶುರು ಮಾಡಿದರು.

ಆ ಮಾತುಗಳ ವರದಿಯನ್ನು ನಾನು ಬರೆದು ನಿಜಾಮರ ರಾಜ್ಯದ ಗಡಿಯಾಚೆ ಅಚ್ಚಾಗುವ ಒಂದು ವಾರಪತ್ರಿಕೆಗೆ ಕಳಿಸಿದೆ. ಪತ್ರಿಕೆಯಲ್ಲಿ ಬಂದದ್ದು ಇಷ್ಟು: ‘ವಂದನಾರ್ಪಣೆಯೊಂದಿಗೆ ಸಭೆ ಮುಕ್ತಾಯವಾಯಿತು.’ ವಂದನಾರ್ಪಣೆ ಸುದ್ದಿಯಲ್ಲ, ಅದಕ್ಕೆ ಒಂದು ಸಾಲು ಸಾಕು ಎಂಬುದು ಎಲ್ಲ ಪತ್ರಿಕೆಗಳ ಪದ್ಧತಿ. ಅದೇ ಸಂಚಿಕೆಯ ಕೊನೆಯ ಪುಟದಲ್ಲಿ ಕಲಬುರಗಿಯಲ್ಲಿ ರೈತರ ಮಾಲು ಮಾರಿಸಿಕೊಡುವ ಒಂದು ಅಡತಿ ಅಂಗಡಿಯ ಜಾಹೀರಾತಿತ್ತು. ಎರಡಕ್ಕೂ ಸಂಬಂಧವಿತ್ತು ಎನ್ನಲು ನನ್ನ ಬಳಿ ಆಧಾರವಿಲ್ಲ. ಕತ್ತರಿಸಿ ಹೋದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ಆ ಕೈಗಳ ಬಗ್ಗೆ ಹೇಳಬೇಕು. ಮಾಸ್ತರರ ತಂದೆ ಗಂಜ್‌ನಲ್ಲಿ, ಅಂದರೆ ಕಲಬುರಗಿಯ ಧಾನ್ಯದ ಪೇಟೆಯಲ್ಲಿ, ದಲಾಲರಾಗಿದ್ದರು. ಅಲ್ಲಿ ಧಾರಣೆ ಬಾಯಿಂದ ಹೇಳುವ ರೂಢಿ ಇರಲಿಲ್ಲ. ದಲಾಲನೂ ಕೊಳ್ಳುವವನೂ ಒಂದು ವಸ್ತ್ರದ ಅಡಿಯಲ್ಲಿ ಕೈ ಹಿಡಿದುಕೊಂಡು, ಬೆರಳು ಒತ್ತಿ, ಬಿಟ್ಟು, ಮತ್ತೆ ಒತ್ತಿ ಬೆಲೆ ಕುದುರಿಸುತ್ತಿದ್ದರು. ಮಾಲು ತಂದ ರೈತ ಎದುರಿಗೇ ನಿಂತು ಆ ವಸ್ತ್ರ ಅಲುಗಾಡುವುದನ್ನು ನೋಡುತ್ತಿದ್ದ. ಒಳಗೆ ಏನು ನಡೆಯಿತೆಂಬುದು ಅವನಿಗೆ ಕೊನೆಗೆ, ದಲಾಲ ಬಾಯಿ ಬಿಟ್ಟು ಹೇಳಿದಷ್ಟು ಗೊತ್ತಾಗುತ್ತಿತ್ತು. ಮಾಸ್ತರರು ಈ ಬೆರಳಿನ ಮಾತನ್ನು ತಂದೆಯ ತೊಡೆಯ ಮೇಲೆ ಕುಳಿತು ಕಲಿತಿದ್ದರು. ಬುದ್ಧಿ ಬಂದ ಮೇಲೆ ಆ ಕಸುಬು ಬಿಟ್ಟರು. ಅಂದಿನಿಂದ ಯಾವ ಚಳಿಗೂ ಕೈಯನ್ನು ಶಲ್ಯದೊಳಗೆ ತೂರಿಸಿದವರಲ್ಲ.

ಇದನ್ನು ಅವರು ಯಾರಿಗೂ ಬೋಧಿಸುತ್ತಿರಲಿಲ್ಲ, ತರಗತಿಯಲ್ಲಿ ಮಾತ್ರ ಅದು ಹೊರಗೆ ಬೀಳುತ್ತಿತ್ತು. ಯಾರಾದರೂ ಲೆಕ್ಕ ಮಾಡುವಾಗ ಪಕ್ಕದವನಿಗೆ ಕಾಣದಂತೆ ಸ್ಲೇಟಿಗೆ ಕೈ ಅಡ್ಡ ಹಿಡಿದರೆ, ಎದುರಿಗೆ ಬಂದು ನಿಂತು, “ಏನೋ ದಲಾಲಪ್ಪಾ, ಯಾರ ಮಾಲು ಮಾರಾಕತ್ತಿ? ಕೈ ಹೊರಗ ಇಡು” ಎನ್ನುತ್ತಿದ್ದರು. ತಪ್ಪು ಲೆಕ್ಕ ಎಲ್ಲರಿಗೂ ಕಂಡರೆ ತಿದ್ದಬಹುದು, ಮುಚ್ಚಿದ ಲೆಕ್ಕ ಸರಿಯಿದ್ದರೂ ಅವರಿಗೆ ಸಿಟ್ಟು. ಅವರ ಮನೆಯವರು, ಅಂದರೆ ಮಡದಿ, ಮಾತ್ರ ಇದನ್ನು ಅಷ್ಟು ದೊಡ್ಡದಾಗಿ ಎಣಿಸಿರಲಿಲ್ಲ. “ಮಲಗಿದಾಗೂ ಕೈ ಹೊರಗ ಇಟ್ಕೊಂಡೇ ಮಲಗ್ತಾರ. ಸೊಳ್ಳಿಗೆ ದಿನಾ ಹಬ್ಬ” ಎಂದು ನಮಗೆ ಊಟ ಬಡಿಸುತ್ತ ಹೇಳುತ್ತಿದ್ದರು.

ನಾನು ಕಮಲಾಪುರದವನು. ನಮ್ಮದು ಸಣ್ಣ ಬಾಳೆಯ ತೋಟ, ಅದರ ಆಚೆ ತೊಗರಿಯ ಹೊಲ. ಸರ್ಕಾರಿ ಶಾಲೆಗಳಲ್ಲಿ ಮೇಲಿನ ಪಾಠವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಕನ್ನಡ ಓದು ಬೇಕೆನ್ನುವವರಿಗೆ ಕಲಬುರಗಿಯಲ್ಲಿ ಮಾಸ್ತರರ ಖಾಸಗಿ ಶಾಲೆಯಿತ್ತು: ಬಾಡಿಗೆ ಮನೆಯ ಒಂದು ಉದ್ದನೆಯ ಪಡಸಾಲೆ. ಅಪ್ಪ ನನ್ನನ್ನು ಅಲ್ಲಿ ಬಿಟ್ಟುಹೋದ. ಉಳಿಯುವುದೂ ಉಣ್ಣುವುದೂ ಮಾಸ್ತರರ ಮನೆಯಲ್ಲೇ. ಅಪ್ಪ ಗಾಡಿ ಹೂಡಿಕೊಂಡು ಗಂಜ್‌ಗೆ ಬಂದಾಗಲೆಲ್ಲ ನಮ್ಮೂರಿನ ಕೆಂಪು ಬಾಳೆಯ ಒಂದು ಗೊನೆ ತಂದುಕೊಡುತ್ತಿದ್ದ. ಮಾಸ್ತರರು ಅದನ್ನು ಮನೆಯೊಳಗೆ ಒಯ್ಯದೆ ಶಾಲೆಯ ತೊಲೆಗೆ ತೂಗುಹಾಕುತ್ತಿದ್ದರು. ಪಾಠದ ನಡುವೆ ನಾವೆಲ್ಲ ತಲೆಯೆತ್ತಿ ಹಣ್ಣಾಗುವುದನ್ನೇ ಕಾಯುತ್ತಿದ್ದೆವು. ಹಂಚುವ ದಿನ ಅವರೂ ಸಾಲಿನಲ್ಲಿ ಕೂತು ತಮ್ಮ ಪಾಲಿಗೆ ಕೈ ಚಾಚುತ್ತಿದ್ದರು.

ಆ ಪಡಸಾಲೆಯ ಬಾಡಿಗೆ ಮತ್ತು ಮಾಸ್ತರರ ಪಗಾರ ಸಂಘದಿಂದ ಬರುತ್ತಿತ್ತು. ಸಂಘಕ್ಕೆ ಗಂಜ್‌ನಿಂದ ಬರುತ್ತಿತ್ತು. ಗಂಜ್‌ಗೆ ಎಲ್ಲಿಂದ ಬರುತ್ತಿತ್ತು ಎಂಬುದೇ ಈ ಬರಹದ ವಿಷಯ.

ರೈತ ತೊಗರಿ ಚೀಲ ಬಿಚ್ಚಿದೊಡನೆ, ಧಾರಣೆ ಆಗುವ ಮೊದಲೇ, ಅಡತಿ ಅಂಗಡಿಯ ಆಳು ಪ್ರತಿ ಚೀಲದಿಂದ ಬೊಗಸೆ ತುಂಬ ತೊಗರಿ ತೆಗೆದು ಅಂಗಡಿಯ ಮೂಲೆಯ ಕಣಜಕ್ಕೆ ಸುರಿಯುತ್ತಿದ್ದ. ಇದಕ್ಕೆ ಧರ್ಮ ಎಂದು ಹೆಸರು. ಕೊಡುತ್ತೀಯಾ ಎಂದು ಯಾರೂ ಕೇಳುತ್ತಿರಲಿಲ್ಲ, ಬೇಡ ಎಂದು ಯಾರೂ ಹೇಳುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಕಣಜದ ಮಾಲನ್ನು ಮಾರಿ, ಬಂದ ಹಣವನ್ನು ಅಂಗಡಿಯವರು ದಾನ ಮಾಡುತ್ತಿದ್ದರು. ಗುಡಿಗೆ ಕಟ್ಟೆ, ಓಣಿಗೆ ಬಾವಿ, ನಮಗೆ ಶಾಲೆ, ಸಂಘಕ್ಕೆ ಪರಿಷತ್ತಿನ ಮಂಟಪ. ಕಟ್ಟೆಯ ಕಲ್ಲಿನ ಮೇಲೆ ಅಂಗಡಿಯವರ ಹೆಸರು. ಬಾವಿಯ ಮೇಲೆ ಅಂಗಡಿಯವರ ಹೆಸರು. ನಮ್ಮ ಶಾಲೆಯ ಬಾಗಿಲ ಮೇಲೂ. ಕೊಟ್ಟವರು ರೈತರು, ದಾನಿ ಎನಿಸಿಕೊಂಡವರು ಅಂಗಡಿಯವರು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಗಂಜ್‌ನ ಹಮಾಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದು ಯಾರಿಗೂ ಸಿಟ್ಟು ಬಾರದಿದ್ದದ್ದೇ ಮಾಸ್ತರರ ಸಿಟ್ಟಿಗೆ ಕಾರಣ. ಈಗ ಅದು ನನ್ನ ಸಿಟ್ಟೂ ಹೌದು.

ಸಾವಕಾರರು ಎಂದು ನಾನು ಕರೆಯುವುದು ಆ ಅಂಗಡಿಗಳಲ್ಲೆಲ್ಲ ದೊಡ್ಡದಾದ ಒಂದು ಅಂಗಡಿಯ ಮಾಲೀಕರೊಬ್ಬರನ್ನು. ಅವರನ್ನು ದುಷ್ಟರೆಂದು ಬರೆಯಲಾರೆ. ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಪರಿಷತ್ತಿನ ಊಟದ ಪಂಕ್ತಿಯಲ್ಲಿ ಬರಿಗಾಲಲ್ಲಿ ಓಡಾಡಿ ತಾವೇ ತುಪ್ಪ ಬಡಿಸುತ್ತಿದ್ದರು. ಶಾಲೆಗೆ ಬಂದರೆ ಮಕ್ಕಳ ತಲೆ ಸವರಿ ಹೋಗುತ್ತಿದ್ದರು. ತಾವು ದಾನಿ ಎಂದು ಅವರು ಮನಸಾರೆ ನಂಬಿದ್ದರು ಎಂದೇ ನನ್ನ ಎಣಿಕೆ.

ರಾಜಕೀಯ ಪಕ್ಷ ಎಂಬ ಮಾತನ್ನು ನಿಜಾಮರ ರಾಜ್ಯದಲ್ಲಿ ಆಡುವಂತಿರಲಿಲ್ಲ. ಆದ್ದರಿಂದ ನಮ್ಮದು ಸಂಘ. ಆದರೆ ಸರ್ಕಾರಕ್ಕೆ ಅಹವಾಲು ಕೊಡುವುದು, ಜನರ ಪರವಾಗಿ ಅಭಿಪ್ರಾಯ ಹೇಳುವುದು, ಸಮಿತಿಗಳಿಗೆ ಹೆಸರು ಸೂಚಿಸುವುದು, ಒಂದು ಪಕ್ಷ ಮಾಡುವ ಎಲ್ಲ ಕೆಲಸವನ್ನೂ ಅದು ಮಾಡುತ್ತಿತ್ತು. ಅಧ್ಯಕ್ಷರು ಊರಿನ ಒಬ್ಬ ವಕೀಲರು, ಕಾರ್ಯದರ್ಶಿ ಮಾಸ್ತರರು. ನಿಯಮಾವಳಿಯನ್ನು ವಕೀಲರು ಬರೆದಿದ್ದರು. ಅದರ ಪ್ರಕಾರ ದೊಡ್ಡ ದೇಣಿಗೆ ಕೊಟ್ಟವರು ಮಹಾಪೋಷಕರು, ಅದಕ್ಕಿಂತ ಕಡಿಮೆ ಕೊಟ್ಟವರು ಪೋಷಕರು, ಉಳಿದವರು ಸದಸ್ಯರು. ಪರಿಷತ್ತಿನಲ್ಲಿ ಯಾವ ಠರಾವು ಬರಬೇಕು, ಅದರ ಮಾತು ಹೇಗಿರಬೇಕು ಎಂದು ತೀರ್ಮಾನಿಸುವ ವಿಷಯ ಸಮಿತಿಯಲ್ಲಿ ಪೋಷಕರಿಗೂ ಮಹಾಪೋಷಕರಿಗೂ ಮಾತ್ರ ಮತವಿತ್ತು. ಮಂಟಪಕ್ಕೆ ಹಣ ಕೊಟ್ಟವರಿಗೆ ಇಷ್ಟಾದರೂ ಗೌರವ ಬೇಡವೇ ಎಂದು ಎಲ್ಲರೂ ಒಪ್ಪಿದ್ದರು. ಮಾಸ್ತರರೂ ಒಪ್ಪಿದ್ದರು.

ಆ ವರ್ಷ ಸರ್ಕಾರ ಪೇಟೆಗಳಿಗೆ ಒಂದು ಕಾಯ್ದೆ ತರುವ ವಿಚಾರ ಮಾಡಿತು. ಧಾರಣೆಯನ್ನು ಬಾಯಿಬಿಟ್ಟು ಕೂಗಬೇಕು, ರೈತನ ಮಾಲಿನಿಂದ ಗೊತ್ತುಪಡಿಸಿದ ಶುಲ್ಕದ ಹೊರತು ಏನನ್ನೂ ಮುರಿದುಕೊಳ್ಳಬಾರದು ಎಂಬ ಮಾತು ಅದರಲ್ಲಿತ್ತು. ಸಾರ್ವಜನಿಕ ಸಂಸ್ಥೆಗಳ ಅಭಿಪ್ರಾಯ ಕೇಳಿದರು. ಕಲಬುರಗಿಯ ರೈತರ ಪರವಾಗಿ ಮಾತಾಡಬಲ್ಲ ಸಂಸ್ಥೆ ನಮ್ಮದೊಂದೇ. ಮಾಸ್ತರರು ಠರಾವು ಬರೆದರು: ವಸ್ತ್ರದ ಅಡಿಯ ಧಾರಣೆ ನಿಲ್ಲಬೇಕು, ಬೊಗಸೆ ನಿಲ್ಲಬೇಕು. ಬೊಗಸೆ ನಿಂತರೆ ತಮ್ಮ ಶಾಲೆಯೂ ನಿಲ್ಲಬಹುದು ಎಂಬುದು ಅವರಿಗೆ ಬರೆಯುವಾಗಲೇ ಗೊತ್ತಿತ್ತು.

ವಿಷಯ ಸಮಿತಿ ಸಾವಕಾರರ ಮಾಳಿಗೆಯಲ್ಲಿ ಸೇರಿತು. ಓದು ಮುಗಿಸಿ ಸಂಘದ ಬರವಣಿಗೆ ನೋಡಿಕೊಳ್ಳುತ್ತಿದ್ದ ನಾನು ನಡಾವಳಿ ಬರೆಯಲು ಅಲ್ಲಿದ್ದೆ. ಮಂಡಕ್ಕಿಯ ಸುಸಲಾ ಬಂತು, ಚಹಾ ಬಂತು. ಮಾಸ್ತರರು ಠರಾವು ಓದಿದರು. ಯಾರೂ ಸಿಟ್ಟಾಗಲಿಲ್ಲ. ಸಾವಕಾರರು ಚಹಾ ಮುಗಿಸಿ ಬಸಿಯನ್ನು ಪಕ್ಕಕ್ಕಿಟ್ಟು ಹೇಳಿದರು: “ಮಾಸ್ತರ, ಅರಿವಿ ಅಡಿ ಧಾರಣಿ ಬ್ಯಾಡ ಅಂತೀರಿ, ಆಯ್ತು, ನೋಡೂಣು. ಧರ್ಮಕ್ಕ ಯಾಕ ಕೈ ಹಚ್ತೀರಿ? ನಿಮ್ಮ ಸಾಲಿ ಬಾಡಿಗಿ ಎಲ್ಲಿಂದ ಬರ್ತದ ಗೊತ್ತದ ಇಲ್ಲೋ?”

“ಗೊತ್ತದ್ರಿ, ಅದಕ್ಕೇ ಹೇಳಾಕತ್ತೀನಿ. ಕೊಡವ್ರು ರೈತ್ರು, ತೊಗೊಳ್ಳಾವ ನಾನು. ಮನಸಿದ್ರ ನನ್ನ ಕೈಯಾಗ ಕೊಡ್ಲಿ, ಇಲ್ಲಾಂದ್ರ ಬಿಡ್ಲಿ. ನಡುವ ನಿಮ್ಮ ಕೈ ಯಾಕ್ರಿ, ಸಾವಕಾರ್ರ?”

ವಕೀಲರು ನಕ್ಕು ಮಾತು ತಿರುಗಿಸಿದರು. ಮಂಟಪ ಹಾಕಿಸಿದವರು ಯಾರು, ಎರಡು ದಿನದ ಊಟ ಯಾರದು, ನಾಳೆ ಅವರು ಕೈಬಿಟ್ಟರೆ ಪರಿಷತ್ತನ್ನು ಶಾಲೆಯ ಪಡಸಾಲೆಯಲ್ಲಿ ನಡೆಸುವುದೇ ಎಂದು ಕೇಳಿದರು. “ನಡಸೂಣ್ರಿ. ಮಂದಿ ಅಂಗಳದಾಗ ಕೂಡ್ತಾರ, ಮನಿಯಿಂದ ಬುತ್ತಿ ತರ್ತಾರ” ಎಂದರು ಮಾಸ್ತರರು. ಎಲ್ಲರೂ ನಕ್ಕರು. ಅವರು ತಮಾಷೆ ಮಾಡುತ್ತಿದ್ದಾರೆಂದು ಭಾವಿಸಿದ್ದರು.

ಮತಕ್ಕೆ ಹಾಕಿದರು. ಮತವಿದ್ದವರೆಲ್ಲ ಗಂಜ್‌ನವರು ಅಥವಾ ಗಂಜ್‌ನವರ ವಕೀಲರು. ಮಾಸ್ತರರ ಠರಾವು ಬಿತ್ತು. ಅದರ ಜಾಗದಲ್ಲಿ ವಕೀಲರು ಅಲ್ಲೇ ಕೂತು ಇನ್ನೊಂದು ಬರೆಸಿದರು, ನನ್ನ ಕೈಯಿಂದಲೇ: ಪೇಟೆಯ ಪರಂಪರಾಗತ ಧರ್ಮಾದಾಯವು ವಿದ್ಯೆಗೂ ದೇವತಾಕಾರ್ಯಕ್ಕೂ ಆಧಾರವಾಗಿರುವುದರಿಂದ, ಸರ್ಕಾರವು ಅದರಲ್ಲಿ ಕೈ ಹಾಕಬಾರದೆಂದು ಈ ಪರಿಷತ್ತು ರೈತವರ್ಗದ ಪರವಾಗಿ ಪ್ರಾರ್ಥಿಸುತ್ತದೆ. ‘ರೈತವರ್ಗದ ಪರವಾಗಿ’ ಎಂಬ ಮಾತನ್ನು ಸೇರಿಸಿದವರು ಸಾವಕಾರರು. ಆ ಮಾಳಿಗೆಯಲ್ಲಿ ಹೊಲ ಉಳುವವನೊಬ್ಬನೂ ಇರಲಿಲ್ಲ. ಠರಾವು ಉರ್ದುವಿಗೆ ತರ್ಜುಮೆಯಾಗಿ ಇಜಾಜತ್ತಿಗೆ, ಅಂದರೆ ಅನುಮತಿಗೆ, ಜಿಲ್ಲೆಯ ಅಧಿಕಾರಿಯಾದ ತಾಲ್ಲೂಕದಾರರ ಕಚೇರಿಗೆ ಹೋಯಿತು. ಸಭೆಯಲ್ಲಿ ಆಡುವ ಮಾತಿಗೆಲ್ಲ ಮೊದಲೇ ಅಲ್ಲಿ ಒಪ್ಪಿಗೆ ಪಡೆಯಬೇಕಿತ್ತು. ಇಜಾಜತ್ತು ಮರುದಿನವೇ ಬಂತು.

ಮೆಟ್ಟಿಲಿಳಿಯುವಾಗ ವಕೀಲರು ಮಾಸ್ತರರ ಹೆಗಲ ಮೇಲೆ ಕೈಯಿಟ್ಟು, ಬೇಸರ ಮಾಡಿಕೊಳ್ಳಬೇಡಿ, ವಂದನಾರ್ಪಣೆ ನಿಮಗೇ ಬಿಟ್ಟಿದ್ದೇವೆ ಎಂದರು. ಅದರ ಮಾತುಗಳನ್ನು ಮುಂಚಿತವಾಗಿ ಕಚೇರಿಗೆ ತೋರಿಸುವುದೂ ಬೇಕಿಲ್ಲ, ಹಾಯಾಗಿ ಮಾತಾಡಿ ಎಂದರು.

“ಖರೇನೇನ್ರಿ? ತೋರಸೂದು ಬೇಕಿಲ್ಲ?” ಎಂದು ಮಾಸ್ತರರು ಕೇಳಿದರು. ಬೀದಿಗೆ ಬಂದ ಮೇಲೆ ಅದನ್ನೇ ಇನ್ನೊಮ್ಮೆ ಕೇಳಿದರು.

ದಶಮಿಯ ಸಂಜೆ ಠರಾವು ಚಪ್ಪಾಳೆಯೊಡನೆ ಅಂಗೀಕಾರವಾಯಿತು. ಹಿಂದೆ ಚಾಪೆಯ ಮೇಲೆ ಸುತ್ತಲಿನ ಹಳ್ಳಿಗಳ ರೈತರು ಕುಳಿತಿದ್ದರು. ಗಂಜ್‌ಗೆ ಬಂದವರು ಹಾಗೇ ಮಂಟಪಕ್ಕೂ ಬಂದಿದ್ದರು, ಅಪ್ಪನೂ ಅವರಲ್ಲಿದ್ದ. ಅವರೂ ಚಪ್ಪಾಳೆ ತಟ್ಟಿದರು. ಠರಾವಿನ ಕನ್ನಡ ಅವರಿಗೆ ಅರ್ಥವಾಗುವ ಕನ್ನಡವಾಗಿರಲಿಲ್ಲ. ಆಮೇಲೆ ಮಾಸ್ತರರನ್ನು ಕರೆದರು. ಮುಂದಿನ ಸಾಲಿನಲ್ಲಿ ಭಾಷಣ ಬರೆದುಕೊಳ್ಳಲು ಬಂದಿದ್ದ ಪೊಲೀಸ್ ಅಮೀನರು ಮಸಿಯ ದೌತಿಗೆ ಮುಚ್ಚಳ ಹಾಕಿ ಎದ್ದೇ ಬಿಟ್ಟಿದ್ದರು.

ಮಾಸ್ತರರು ವೇದಿಕೆಯ ಭಾಷೆ ಬಿಟ್ಟು ಮನೆಯ ಮಾತಿನಲ್ಲಿ ಮಾತಾಡಿದರು. ನಾನು ಬರೆದುಕೊಂಡದ್ದು ಹೀಗಿದೆ: “ಮಹಾಪೋಷಕರಿಗೆ ವಂದನೆ ಹೇಳೂದು ನನ್ನ ಪಾಲಿಗೆ ಬಂದದ. ಮಹಾಪೋಷಕರು ಹಿಂದ ಚಾಪಿ ಮ್ಯಾಲ ಕುಂತಾರ. ಈ ಮಂಟಪದ ಬಿದಿರು ಕೋಟನೂರವರದು. ಹೋದ ಸುಗ್ಗ್ಯಾಗ ಅವರ ಚೀಲದಾಗಿಂದ ತಗದ ಬೊಗಸಿ ಇಲ್ಲಿ ಬಿದಿರಾಗಿ ನಿಂತದ. ಕೋಟನೂರವರು ಎದ್ದು ನಿಲ್ರಿ, ನಿಮಗ ವಂದನೆ. ನಿನ್ನಿ ಉಂಡ ಹುಗ್ಗಿ ಕಮಲಾಪುರದವರದು. ನಿಮಗೂ ವಂದನೆ. ನನ್ನ ಸಾಲಿ ಬಾಡಿಗಿ, ನನ್ನ ಪಗಾರ, ನಾ ಹೊತ್ಕೊಂಡ ಈ ಶಲ್ಯ, ಎಲ್ಲಾ ನಿಮ್ಮದು. ಬಾಗಲ ಮ್ಯಾಲ ಹೆಸರು ಬ್ಯಾರೆ ಅದ. ಉಂಡ ಬಾಯಿಲೆ ನಾ ಖರೆ ಹೆಸರು ಹೇಳ್ಬೇಕು.”

ಹೀಗೆ ಊರು ಊರಿನ ಹೆಸರು ಹಿಡಿದು ಕರೆದರು. ಮೊದಲು ಯಾರೂ ಏಳಲಿಲ್ಲ. ಆಮೇಲೆ ಕೋಟನೂರಿನ ಒಬ್ಬ ಮುದುಕ ರುಮಾಲು ಸರಿಮಾಡಿಕೊಂಡು ಎದ್ದ. ನಂತರ ಒಬ್ಬೊಬ್ಬರಾಗಿ ಎದ್ದರು. ಅಪ್ಪ ಎದ್ದು ನಿಂತದ್ದನ್ನು ನಾನು ನೋಡಿದೆ. ಸಭೆಯಲ್ಲಿ ಅವನ ಊರಿನ ಹೆಸರನ್ನು ಯಾರಾದರೂ ಕರೆದದ್ದು ಅದೇ ಮೊದಲು. ವಕೀಲರು ಮೇಜಿನ ಮೇಲಿನ ಹೂವನ್ನು ನೋಡುತ್ತಿದ್ದರು. ಮಾಸ್ತರರು ಕೈಮುಗಿದು ಮಾತು ಮುಗಿಸಿದರು. ಆಗ ಸಾವಕಾರರು ಶಾಲಿನೊಳಗಿಂದ ಕೈ ತೆಗೆದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಸಾವಕಾರರು ಎದ್ದು ಬಂದು ತಮ್ಮ ಕೊರಳಿನ ಹಾರವನ್ನು ಮಾಸ್ತರರ ಕೊರಳಿಗೆ ಹಾಕಿದರು.

ಆ ರಾತ್ರಿ ಮಾಸ್ತರರ ಮನೆಯವರು ಹಾರವನ್ನು ಕೈಯಲ್ಲಿ ಹಿಡಿದು, “ಬೈದವರಿಗೆ ಯಾರರೆ ಹಾರ ಹಾಕ್ತಾರೇನು? ಇದರಾಗ ಏನೋ ಅದ ನೋಡ್ರಿ” ಎಂದರು. ಮಾಸ್ತರರು ಸಂತೋಷದಲ್ಲಿದ್ದರು. ಸಾವಕಾರರಿಗೂ ಒಳಗೆ ತಟ್ಟಿದೆ, ಇನ್ನು ರೈತರೇ ಬೊಗಸೆ ನಿಲ್ಲಿಸುತ್ತಾರೆ ಎಂದು ಅವರು ನಂಬಿದ್ದರು.

ಮುಂದಿನ ಸುಗ್ಗಿಯಲ್ಲಿ ಅಪ್ಪ ಎಂದಿನಂತೆ ಗೊನೆ ಹೊತ್ತು ಶಾಲೆಗೆ ಬಂದ. ಹೊಸ ರುಮಾಲು ಸುತ್ತಿದ್ದ. ಗೊನೆಯನ್ನು ಇಳಿಸುವ ಮೊದಲೇ, “ಮಾಸ್ತರ, ಈ ಸಲ ಚೀಲಕ್ಕ ಎರಡು ಬೊಗಸಿ ಕೊಟ್ಟು ಬಂದೆ ನೋಡ್ರಿ” ಎಂದ.

ಮಾಸ್ತರರು ಕೈಯಲ್ಲಿದ್ದ ಸ್ಲೇಟನ್ನು ಕೆಳಗಿಟ್ಟರು. “ಎರಡು ಯಾಕ್ರಿ, ಅಣ್ಣಾರ?”

“ಒಂದು ಧರ್ಮದ್ದು. ಒಂದು ಪರಿಷತ್ತಿಂದು. ಕಮಲಾಪುರದವರ ಹೆಸರು ಈ ವರ್ಷ ಎಲ್ಲಾರಕಿಂತ ಮೊದಲ ಓದಸ್ತೀವಿ ಅಂತ ಸಾವಕಾರ್ರು ತಮ್ಮ ಬಾಯಿಲೆ ಹೇಳ್ಯಾರ. ನಮ್ಮಪ್ಪನ ಕಾಲದಿಂದ ಕೊಟ್ಟೀವಿ, ಒಬ್ಬರರೆ ಹೆಸರು ತಗದಿದ್ರೇನು? ನಿಮ್ಮ ಪುಣ್ಯೇವು.”

“ನಾ ಕೊಡಬ್ಯಾಡ್ರಿ ಅಂತ ಹೇಳಿದ್ದು, ಅಣ್ಣಾರ.”

“ಹಂಗ ಎಲ್ಲಿ ಅಂದ್ರಿ? ವಂದನೆ ಅಂದ್ರಿ.”

ಅಪ್ಪ ಹೇಳಿದ್ದು ಸರಿಯಾಗಿತ್ತು. ನನ್ನ ಟಿಪ್ಪಣಿಯನ್ನು ಮತ್ತೆ ಓದಿ ನೋಡಿದೆ. ಕೊಡಬೇಡಿ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ದಾನಿಗಳನ್ನು ನಾಚಿಸಲು ಮಾಸ್ತರರು ರೈತರನ್ನು ದಾನಿಗಳೆಂದು ಕರೆದರು. ದಾನಿಗಳು ನಾಚಲಿಲ್ಲ, ರೈತರು ಹಿಗ್ಗಿದರು. ಅಡತಿ ಅಂಗಡಿಗಳ ಮುಂದೆ ಆ ವರ್ಷ ‘ರೈತ ಪೋಷಕರಿಗೆ ಸ್ವಾಗತ’ ಎಂದು ಬಟ್ಟೆಯ ಮೇಲೆ ಬರೆದು ಕಟ್ಟಿದ್ದರು. ಎರಡನೆಯ ಬೊಗಸೆ ಕೊಡದವರ ಊರಿನ ಹೆಸರು ಓದುವುದಿಲ್ಲ ಎಂದು ಆಳುಗಳು ಛೇಡಿಸುತ್ತಿದ್ದರು. ಪಕ್ಕದ ಊರಿಗಿಂತ ನಾವು ಕಡಿಮೆಯೇ ಎಂದು ಹಳ್ಳಿಯವರು ಪೈಪೋಟಿಗೆ ಬಿದ್ದಿದ್ದರು.

ಮಾಸ್ತರರು ತರಗತಿಯನ್ನು ಅಲ್ಲಿಗೇ ಬಿಟ್ಟು ಗಂಜ್‌ಗೆ ನಡೆದರು. ನಾನೂ ಹಿಂದೆ ಹೋದೆ. ಅವರು ಏನಾದರೂ ಹೇಳುವ ಮೊದಲೇ ಸಾವಕಾರರು ಎದ್ದು ಗಾದಿಯ ಮೇಲೆ ಜಾಗ ಮಾಡಿಕೊಟ್ಟರು. “ನಿಮ್ಮ ಮಾತೇ ನಡಸಾಕತ್ತೀವಿ, ಮಾಸ್ತರ. ಮಂದಿಗೆ ಭಾಳ ಖುಷಿ ಆಗ್ಯದ. ನಿಮ್ಮ ಪಗಾರನೂ ಏರಸಬೇಕಂತ ಮಾಡೀನಿ” ಎಂದರು.

ಮಾಸ್ತರರು ಕೂರಲಿಲ್ಲ. “ಆ ಪಗಾರ ನಿಮ್ಮದಲ್ಲ ಅಂತ ಮಂಟಪದಾಗ ಹೇಳೀನಿ. ನಿಮ್ಮದಲ್ಲದ್ದನ್ನ ನೀವು ಹ್ಯಾಂಗ ಏರಸ್ತೀರಿ? ನಾಳಿಯಿಂದ ನಾ ಬರಂಗಿಲ್ಲ. ಬಾಗಲ ಮ್ಯಾಲ ನಿಮ್ಮ ಹೆಸರದ, ನೀವ ಕಲಿಸ್ರಿ” ಎಂದು ಹೇಳಿ ಹೊರಗೆ ಬಂದರು. ಗಂಜ್ ದಾಟುವಾಗಲೂ ಎರಡೂ ಕೈಗಳನ್ನು ಶಲ್ಯದೊಳಗೆ ಎಳೆದುಕೊಳ್ಳಲಿಲ್ಲ.

ಅವರು ಕಮಲಾಪುರಕ್ಕೆ ಬಂದರು. ತೋಟದ ಅಂಚಿನಲ್ಲಿ ನಮ್ಮದೊಂದು ಗುಡಿಸಲಿತ್ತು. ಅಪ್ಪನಿಗೆ ಮಾಸ್ತರರ ಸಿಟ್ಟು ಅರ್ಥವಾಗಿರಲಿಲ್ಲ. ಆದರೂ ಗುಡಿಸಲು ಬಿಟ್ಟುಕೊಟ್ಟ. ಹೊಸ ಶಾಲೆಗೆ ಇಜಾಜತ್ತು ಬೇಕಿತ್ತು, ಅರ್ಜಿಗೆ ಜವಾಬು ಬರಲೇ ಇಲ್ಲ. ಆದ್ದರಿಂದ ಅಲ್ಲಿ ಫಲಕವಿಲ್ಲ, ಗಂಟೆಯಿಲ್ಲ. ಯಾರಾದರೂ ಅಧಿಕಾರಿ ಬಂದು ಮಕ್ಕಳನ್ನು ಕೇಳಿದರೆ, ಬಾಳೆಹಣ್ಣಿಗೆ ಬರುವ ಬಾವಲಿ ಓಡಿಸಲು ಬಂದಿದ್ದೇವೆ ಎನ್ನಬೇಕೆಂದು ಮಾಸ್ತರರ ಮನೆಯವರು ಕಲಿಸಿದ್ದರು. “ಹಗಲಿನ್ಯಾಗ ಬಾವಲಿ ಎಲ್ಲಿ ಬರ್ತಾವ, ಬಾಯಿ?” ಎಂದು ಒಬ್ಬ ಅಧಿಕಾರಿ ಅವರನ್ನೇ ಕೇಳಿದನಂತೆ. “ಮಕ್ಕಳು ಇಷ್ಟು ಮಂದಿ ಕಾಯಾಕತ್ತಾರ, ಹ್ಯಾಂಗ ಬರ್ತಾವ್ರಿ?” ಎಂದು ಅವರು ಜವಾಬು ಕೊಟ್ಟರಂತೆ. ಇದು ನಾನು ಕೇಳಿದ್ದು, ನೋಡಿದ್ದಲ್ಲ.

ಪ್ರತಿ ಸುಗ್ಗಿಗೂ ಮಾಸ್ತರರು ಕಮಲಾಪುರದ ಗಾಡಿಗಳ ಜೊತೆ ಕಲಬುರಗಿಗೆ ಬರುತ್ತಿದ್ದರು. ಚೀಲ ಬಿಚ್ಚುವಲ್ಲಿ ನಿಂತು, ಈಗ ವಂದನೆಯಿಲ್ಲ, ವ್ಯಂಗ್ಯವಿಲ್ಲ, ನೇರವಾಗಿ ಕೊಡಬೇಡಿ ಎನ್ನುತ್ತಿದ್ದರು. ರೈತರು ಅವರನ್ನು ಕಂಡರೆ ಗಾಡಿಯನ್ನು ಆಚೆ ಬದಿಗೆ ಹೊಡೆಯುತ್ತಿದ್ದರು. ಶಾಲೆ ಕಳೆದುಕೊಂಡು ತಲೆ ಕೆಟ್ಟಿದೆ ಎಂದು ಕೆಲವರು, ಸಾವಕಾರರ ಹೆಸರು ಕಂಡು ಹೊಟ್ಟೆಕಿಚ್ಚು ಎಂದು ಕೆಲವರು. ಹಾಗೆ ಅಂದವರಲ್ಲಿ ಮಾಸ್ತರರಿಂದ ಕನ್ನಡ ಕಲಿತವರೂ ಇದ್ದರು.

ಒಂದು ಸುಗ್ಗಿಯಲ್ಲಿ ಅಪ್ಪ ಆಳಿನ ಕೈ ಹಿಡಿದು, “ಈ ಸಲ ಒಲ್ಲೆ” ಎಂದ. ಯಾಕೆ ಹಾಗೆ ಮಾಡಿದನೋ ಅವನು ಎಂದೂ ವಿವರಿಸಲಿಲ್ಲ. ಆಳು ಜಗಳವಾಡಲಿಲ್ಲ, ಬೊಗಸೆ ಹಿಂದಕ್ಕೆ ಸುರಿದು ಹೋದ. ಆಮೇಲೆ ಅಪ್ಪನ ಮಾಲಿನ ಹತ್ತಿರ ಯಾವ ದಲಾಲನೂ ಬರಲಿಲ್ಲ. ಎಡಬಲದ ಗಾಡಿಗಳ ಮುಂದೆ ವಸ್ತ್ರಗಳು ಬಿಚ್ಚಿದವು, ಮುಚ್ಚಿದವು. ಸಂಜೆ ಗಂಜ್ ಖಾಲಿಯಾಯಿತು. ತೊಗರಿಯನ್ನು ಮತ್ತೆ ಗಾಡಿಗೆ ಹೇರಿ ಕಮಲಾಪುರದ ದಾರಿ ಹಿಡಿದರು. ಮಾಸ್ತರರು ಗಾಡಿ ಹತ್ತಲಿಲ್ಲ, ಪಕ್ಕದಲ್ಲಿ ನಡೆದರು. ಬಹಳ ದೂರ ಹೋದ ಮೇಲೆ ಅಪ್ಪ, “ಬೊಗಸಿ ಉಳೀತು, ಮಾಸ್ತರ. ಚೀಲನೂ ಉಳೀತು” ಎಂದ. ಮಾಸ್ತರರು ನಗಲಿಲ್ಲ. ತೊಗರಿ ಮಾರದಿದ್ದರೆ ಅಪ್ಪನ ವರ್ಷ ಹೇಗೆ ಕಳೆಯುತ್ತದೆಂದು ಅವರಿಗೆ ಗೊತ್ತಿತ್ತು. ಮುಂದಿನ ವಾರ ಗಂಜ್‌ಗೆ ಹೊರಟಾಗ ಅವರೇ ಅಪ್ಪನಿಗೆ, “ಈ ಸಲ ಕೊಟ್ಟು ಬಿಡ್ರಿ, ಅಣ್ಣಾರ” ಎಂದು ಹೇಳಿ ಕಳಿಸಿದರು. ಅಪ್ಪ ಕೊಟ್ಟು ಬಂದ, ಎರಡು ಬೊಗಸೆ. ಆ ಸಲ ಮಾಸ್ತರರು ಗಾಡಿಯ ಜೊತೆ ಬರಲಿಲ್ಲ.

ಅಷ್ಟರಲ್ಲಿ ಕಾಯ್ದೆ ಬಂದಿತ್ತು. ಅದು ನಮ್ಮ ಗಂಜ್‌ನಲ್ಲಿ ನಡೆಯಲು ಶುರುವಾದದ್ದು ಇನ್ನೂ ತಡವಾಗಿ. ವಸ್ತ್ರದ ಅಡಿಯ ಧಾರಣೆ ನಿಂತಿತು. ಅದು ಒಳ್ಳೆಯದಾಯಿತು ಎಂದು ದಾಖಲಿಸಬೇಕು. ಬೊಗಸೆಯ ವಿಷಯವನ್ನು ಮಾತ್ರ ಊರಿನ ಪೇಟೆ ಸಮಿತಿಯ ತೀರ್ಮಾನಕ್ಕೆ ಬಿಟ್ಟರು. ರೈತರೇ ಅದನ್ನು ಉಳಿಸಿಕೊಳ್ಳಬೇಕೆಂದು ಕೇಳಿದ್ದಾರೆ ಎಂಬುದಕ್ಕೆ ನಮ್ಮ ಪರಿಷತ್ತಿನ ಠರಾವೇ ಸಾಕ್ಷಿಯಾಗಿತ್ತು. ಸಮಿತಿಯಲ್ಲಿ ರೈತರಿಗೊಂದು ಕುರ್ಚಿಯಿತ್ತು. ಅದಕ್ಕೆ ಹೆಸರು ಸೂಚಿಸುವಂತೆ ಸಂಘವನ್ನು ಕೇಳಿದರು. ಸಂಘ ಸಭೆ ಸೇರಿ, ಕೈ ಎತ್ತಿಸಿ, ಸಾವಕಾರರ ಹೆಸರು ಸೂಚಿಸಿತು. ಅವರಿಗೆ ಹೊಲವೂ ಇತ್ತು, ಆದ್ದರಿಂದ ನಿಯಮದ ಪ್ರಕಾರ ಅವರು ರೈತರೇ.

ಈ ಸುದ್ದಿಯನ್ನು ನಾನೇ ಕಮಲಾಪುರಕ್ಕೆ ಹೋಗಿ ಮಾಸ್ತರರಿಗೆ ಹೇಳಿದೆ. ಗುಡಿಸಲ ಮುಂದೆ ಒಬ್ಬ ಹುಡುಗಿಗೆ ಕಾಗುಣಿತ ತಿದ್ದಿಸುತ್ತಿದ್ದರು. ಅವರು ಕೂಗಾಡುತ್ತಾರೆಂದು ಎಣಿಸಿದ್ದೆ. ಹುಡುಗಿಯ ಕೈ ಬಿಡದೆ, “ಯಾರು ಯಾರು ಕೈ ಎತ್ತಿದ್ರು, ಬರಕೊಂಡಿ ಏನು?” ಎಂದು ಕೇಳಿದರು. ಬರೆದುಕೊಂಡಿದ್ದೇನೆ ಎಂದೆ. “ಇಟ್ಕೋ. ಅಚ್ಚ ಹಾಕವ್ರು ಸಿಕ್ರ ಹಾಕು. ನಿನ್ನ ಸಿಟ್ಟು ಹಾಕಬ್ಯಾಡ, ಅವ್ರು ಮಾಡಿದ್ದು ಹಾಕು” ಎಂದರು. ವರದಿ ಬರೆಯುವುದರ ಬಗ್ಗೆ ನನಗೆ ಯಾರಾದರೂ ಹೇಳಿಕೊಟ್ಟದ್ದಿದ್ದರೆ ಇದೊಂದೇ. ಅದನ್ನು ಪೂರ್ತಿ ಪಾಲಿಸಲು ಇಲ್ಲಿ ನನ್ನಿಂದ ಆಗಿಲ್ಲ.

ಮಾಸ್ತರರು ಒಂದು ಬೇಸಿಗೆಯಲ್ಲಿ ಜ್ವರದಿಂದ ಕಮಲಾಪುರದಲ್ಲೇ ತೀರಿಕೊಂಡರು. ಪದ್ಧತಿಯಂತೆ ಶವವನ್ನು ಕೂರಿಸಿ ಶಲ್ಯ ಹೊದಿಸಿದಾಗ ಅವರ ಮನೆಯವರು ಮುಂದೆ ಬಂದು ಎರಡೂ ಕೈಗಳನ್ನು ಹೊರಗೆ ತೆಗೆದಿಟ್ಟರು. ಹೆಗಲು ಕೊಟ್ಟವರಲ್ಲಿ ಅಪ್ಪನಿದ್ದ. ಕಲಬುರಗಿಯಿಂದ ಯಾರೂ ಬಂದಿರಲಿಲ್ಲ.

ಸಂಘ ಅವರಿಗಾಗಿ ಸಂತಾಪ ಸಭೆ ನಡೆಸಿತು. ಠರಾವು ಮಂಡಿಸಿದವರು ಸಾವಕಾರರು, ಅನುಮೋದಿಸಿದವರು ವಕೀಲರು. ವಿದ್ಯಾದಾನಕ್ಕಾಗಿ ಜೀವ ಸವೆಸಿದ ಮಾಸ್ತರರ ಹೆಸರಿನಲ್ಲಿ ಕಲಬುರಗಿಯ ಶಾಲೆಗೊಂದು ಕೋಣೆ ಕಟ್ಟಿಸಬೇಕೆಂದು ತೀರ್ಮಾನವಾಯಿತು. ಪತ್ರಿಕೆ ಅದನ್ನು ಒಂದು ಪೂರ್ಣ ಅಂಕಣದಲ್ಲಿ, ಸಾವಕಾರರ ಭಾಷಣದೊಂದಿಗೆ, ಅಚ್ಚು ಹಾಕಿತು.

ಕಳೆದ ಸುಗ್ಗಿಯಲ್ಲಿ ನನ್ನ ತಮ್ಮ ಕಮಲಾಪುರದಿಂದ ತೊಗರಿ ತಂದ. ಧಾರಣೆಯನ್ನು ಬಾಯಿಬಿಟ್ಟು ಕೂಗಿದರು. ಧಾರಣೆಗೆ ಮೊದಲು ಪ್ರತಿ ಚೀಲದಿಂದ ಮೂರು ಬೊಗಸೆ ತೆಗೆಯಲಾಯಿತು: ಒಂದು ಧರ್ಮಕ್ಕೆ, ಒಂದು ಪರಿಷತ್ತಿಗೆ, ಒಂದು ಮಾಸ್ತರರ ಸ್ಮಾರಕಕ್ಕೆ.